ಮಾನ್ಯತೆ ಕೊಡುವ ಮುನ್ನ ಕಲಿತು ಹೋದವರನ್ನು ಕೇಳಿ: ಕೌಶಲ್ಯಾಭಿವೃದ್ಧಿ ಸಚಿವರಿಗೆ ಬಹಿರಂಗ ಪತ್ರ

ಕೌಶಲ್ಯಾಭಿವೃದ್ಧಿ, ಉದ್ಯಮಶೀಲತೆ ಮತ್ತು ಜೀವನೋಪಾಯ ಇಲಾಖೆಯ ಮಾನ್ಯ ಸಚಿವರಿಗೆ, ಹಾಗೂ ಕರ್ನಾಟಕ ಕೌಶಲ್ಯಾಭಿವೃದ್ಧಿ ನಿಗಮದ ಅಧಿಕಾರಿಗಳಿಗೆ,

ನಮಸ್ಕಾರಗಳು.

ಸರ್ಕಾರದ ದುಡ್ಡಿನಲ್ಲಿ ಉದ್ಯೋಗ ತರಬೇತಿ ನಡೆಸುವ ಖಾಸಗಿ ಕೇಂದ್ರಗಳಿಗೆ ಮಾನ್ಯತೆ ಕೊಡುವ ಪದ್ಧತಿ ಬದಲಾಗಬೇಕು. ಅದನ್ನು ಕೇಳಲೆಂದೇ ಈ ಪತ್ರ. ಇವತ್ತು ಒಂದು ಕೇಂದ್ರಕ್ಕೆ ಮಾನ್ಯತೆ ಸಿಗಬೇಕಾದರೆ ಕೋಣೆ ಎಷ್ಟು ಚದರ ಅಡಿ ಇದೆ, ಯಂತ್ರಗಳು ಎಷ್ಟಿವೆ, ಸಿಸಿಟಿವಿ ಇದೆಯೇ, ಬಯೊಮೆಟ್ರಿಕ್ ಇದೆಯೇ, ಕಂಪನಿಯ ವಾರ್ಷಿಕ ವಹಿವಾಟು ಎಷ್ಟು ಎಂದು ಕೇಳುತ್ತೇವೆ. ಅಲ್ಲಿ ಕಲಿತು ಹೋದ ಹುಡುಗ ಹುಡುಗಿಯರು ವರ್ಷದ ಮೇಲೆ ಏನು ಮಾಡುತ್ತಿದ್ದಾರೆ ಎಂದು ಗಟ್ಟಿಯಾಗಿ ಕೇಳುವವರು ಯಾರೂ ಇಲ್ಲ. ಕೇಳಿದರೂ ಕೇಂದ್ರದವರೇ ತುಂಬಿ ಕಳಿಸಿದ ಕಾಲಂ ನೋಡಿ ಕಡತ ಮುಚ್ಚಿಬಿಡುತ್ತೇವೆ.

ನಾನು ಹಾವೇರಿ, ಗದಗ ಭಾಗದ ಸರ್ಕಾರಿ ಐಟಿಐಗಳಲ್ಲಿ ಎಲೆಕ್ಟ್ರಿಷಿಯನ್ ಟ್ರೇಡ್ ಕಲಿಸಿ ನಿವೃತ್ತನಾದ ಕಿರಿಯ ತರಬೇತಿ ಅಧಿಕಾರಿ. ನಿವೃತ್ತಿಯ ನಂತರ ಕೆಲಕಾಲ ಅಲ್ಪಾವಧಿ ಕೋರ್ಸುಗಳ ಕೊನೆಗೆ ಮಕ್ಕಳನ್ನು ಪರೀಕ್ಷಿಸುವ ಅಸೆಸರ್ ಆಗಿ ಊರೂರು ತಿರುಗಿದ್ದೇನೆ. ತಳಮಟ್ಟದಲ್ಲಿ ನಡೆಯುವುದು ಬೆಂಗಳೂರಿನ ಕಚೇರಿಗೆ ಹೇಗೆ ಕಾಣುತ್ತದೋ ನನಗೆ ಗೊತ್ತಿಲ್ಲ. ಇಲ್ಲಿಂದ ಹೇಗೆ ಕಾಣುತ್ತದೆ ಎಂಬುದನ್ನು ಮಾತ್ರ ಹೇಳಬಲ್ಲೆ.

ಮೊದಲು ಎಲ್ಲರ ಕಣ್ಣ ಮುಂದೆ ಇರುವ ಸಾಕ್ಷ್ಯದಿಂದ ಶುರು ಮಾಡುತ್ತೇನೆ. ಕೇಂದ್ರ ಸರ್ಕಾರದ ಕೌಶಲ ತರಬೇತಿ ಯೋಜನೆಯಾದ ಪ್ರಧಾನಮಂತ್ರಿ ಕೌಶಲ ವಿಕಾಸ ಯೋಜನೆಯ ಬಗ್ಗೆ ಸಿಎಜಿ (ಮಹಾಲೇಖಪಾಲರ) ವರದಿ 2025ರ ಡಿಸೆಂಬರ್‌ನಲ್ಲಿ ಸಂಸತ್ತಿನ ಮುಂದೆ ಬಂತು. 2015ರಿಂದ 2022ರವರೆಗೆ ನಡೆದ ಮೂರು ಹಂತಗಳನ್ನು ಅದು ಜಾಲಾಡಿದೆ. ಎರಡನೇ ಮತ್ತು ಮೂರನೇ ಹಂತದಲ್ಲಿ ದಾಖಲಾದ ಸುಮಾರು 95.9 ಲಕ್ಷ ಅಭ್ಯರ್ಥಿಗಳ ಪೈಕಿ 90.66 ಲಕ್ಷ ಮಂದಿಯ, ಅಂದರೆ ಶೇ 94.53ರಷ್ಟು ಜನರ ಬ್ಯಾಂಕ್ ಖಾತೆಯ ಕಾಲಂನಲ್ಲಿ ಸೊನ್ನೆ ಇತ್ತು, ಇಲ್ಲವೇ ಅದು ಖಾಲಿ ಇತ್ತು. ಒಂದೇ ಫೋಟೊವನ್ನು ಬೇರೆ ಬೇರೆ ಫಲಾನುಭವಿಗಳ ಹೆಸರಿಗೆ ಅಂಟಿಸಿದ್ದನ್ನೂ ಲೆಕ್ಕಪರಿಶೋಧಕರು ಹಿಡಿದರು. ಅಲ್ಪಾವಧಿ ತರಬೇತಿ ಮತ್ತು ವಿಶೇಷ ಯೋಜನೆಗಳಡಿ ಪ್ರಮಾಣಪತ್ರ ಪಡೆದ 56.14 ಲಕ್ಷ ಮಂದಿಯಲ್ಲಿ ಕೆಲಸ ಸಿಕ್ಕಿತೆಂದು ದಾಖಲೆಯಲ್ಲಿ ಇದ್ದವರು 23.18 ಲಕ್ಷ, ಶೇ 41ರ ಆಸುಪಾಸು. ಇದು ದಾಖಲೆಯ ಲೆಕ್ಕ. ನಿಜವಾಗಿ ಕೆಲಸದಲ್ಲಿ ನಿಂತವರು ಎಷ್ಟು ಎಂಬುದು ಬೇರೆ ಪ್ರಶ್ನೆ.

ಎರಡನೇ ಹಂತದಿಂದ ಅಲ್ಪಾವಧಿ ತರಬೇತಿ ನಡೆಸಿದ ಕೇಂದ್ರಗಳು ಮಾನ್ಯತೆ ಪಡೆದವುಗಳೇ ಆಗಿದ್ದವು ಎಂಬುದನ್ನು ದಯವಿಟ್ಟು ಗಮನಿಸಿ. ಅರ್ಜಿ ಹಾಕಿ, ಸ್ವಯಂ ಮೌಲ್ಯಮಾಪನ ವರದಿ ತುಂಬಿ, ಫೋಟೊ ಅಪ್‌ಲೋಡ್ ಮಾಡಿ, ತಪಾಸಣೆ ಮಾಡಿಸಿಕೊಂಡು, ಗ್ರೇಡ್ ಪಡೆದೇ ಅವು ಬಾಗಿಲು ತೆರೆದಿದ್ದವು. ಮಾನ್ಯತೆ ಕೊಡಲೆಂದೇ ಸ್ಮಾರ್ಟ್ ಪೋರ್ಟಲ್ ಇತ್ತು. ಕ್ವಾಲಿಟಿ ಕೌನ್ಸಿಲ್‌ನ ತಪಾಸಣೆ ಇತ್ತು. ಒಂದೊಂದು ಉದ್ಯಮಕ್ಕೂ ಕೌಶಲದ ಮಾನದಂಡ ಗೊತ್ತುಮಾಡುವ ಸೆಕ್ಟರ್ ಸ್ಕಿಲ್ ಕೌನ್ಸಿಲ್‌ಗಳಿದ್ದವು. ಇಷ್ಟು ಜರಡಿ ಹಿಡಿದರೂ ಕಸ ಉಳಿಯಿತೆಂದರೆ ಜರಡಿಯ ಕಣ್ಣೇ ತಪ್ಪಾಗಿದೆ ಎಂದರ್ಥ.

ಮುನ್ನೆಚ್ಚರಿಕೆ ಸಿಕ್ಕಿರಲಿಲ್ಲ ಎನ್ನುವಂತೆಯೂ ಇಲ್ಲ. ಸೆಕ್ಟರ್ ಸ್ಕಿಲ್ ಕೌನ್ಸಿಲ್‌ಗಳನ್ನು ಪರಿಶೀಲಿಸಲು 2016ರಲ್ಲಿ ಕೇಂದ್ರ ಸರ್ಕಾರವೇ ನೇಮಿಸಿದ್ದ ಶಾರದಾ ಪ್ರಸಾದ್ ಸಮಿತಿ, ಎಲ್ಲರೂ ಸಂಖ್ಯೆಯ ಬೆನ್ನು ಹತ್ತಿದ್ದಾರೆ, ಯುವಕರಿಗೆ ಕೆಲಸವೂ ಸಿಗುತ್ತಿಲ್ಲ, ಉದ್ಯಮಕ್ಕೆ ಬೇಕಾದ ಜನರೂ ಸಿಗುತ್ತಿಲ್ಲ ಎಂದು ಆಗಲೇ ಹೇಳಿತ್ತು. ಖಾಸಗಿ ಐಟಿಐಗಳಿಗೆ ಬೇಕಾಬಿಟ್ಟಿ ಮಾನ್ಯತೆ ಕೊಟ್ಟದ್ದನ್ನು 2018ರಲ್ಲಿ ಕಾರ್ಮಿಕ ವಿಷಯಗಳ ಸಂಸದೀಯ ಸ್ಥಾಯಿ ಸಮಿತಿ ಕಟುವಾಗಿ ಟೀಕಿಸಿತು. ವರದಿಗಳು ಬಂದವು, ಯೋಜನೆಗಳ ಹೆಸರಿನ ಮುಂದಿನ ಅಂಕಿ ಬದಲಾಯಿತು, ಮಾನ್ಯತೆಯ ಅಳತೆಗೋಲು ಮಾತ್ರ ಹೆಚ್ಚುಕಡಿಮೆ ಹಾಗೆಯೇ ಉಳಿಯಿತು.

ಇದು ದೆಹಲಿಯ ಯೋಜನೆ, ನಮ್ಮ ಕೈಯಲ್ಲಿ ಏನಿದೆ ಎಂದು ನೀವು ಹೇಳಬಹುದು. ಆ ಮಾತನ್ನು ನಾನು ಒಪ್ಪುವುದಿಲ್ಲ. ಪ್ರಧಾನಮಂತ್ರಿ ಯೋಜನೆಯ ಎರಡನೇ ಹಂತದಿಂದಲೇ ನಾಲ್ಕನೇ ಒಂದು ಭಾಗದ ಹಣ ಮತ್ತು ಗುರಿಯನ್ನು ರಾಜ್ಯಗಳ ಕೈಗೆ ಕೊಡಲಾಗಿತ್ತು. ಅದಕ್ಕಿಂತ ಮುಖ್ಯವಾಗಿ, 2017ರ ಮೇ ತಿಂಗಳಲ್ಲಿ ಆರಂಭವಾದ ಮುಖ್ಯಮಂತ್ರಿಗಳ ಕೌಶಲ್ಯ ಕರ್ನಾಟಕ ಯೋಜನೆ ಪೂರ್ತಿ ನಮ್ಮದು. ಅದರಡಿ ಯಾರಿಗೆ ಬ್ಯಾಚ್ ಕೊಡಬೇಕು, ಯಾರನ್ನು ಪಟ್ಟಿಯಿಂದ ತೆಗೆಯಬೇಕು ಎಂದು ತೀರ್ಮಾನಿಸಲು ಯಾರ ಅಪ್ಪಣೆಯೂ ಬೇಕಿಲ್ಲ. ಮೇಲಾಗಿ ಯುವನಿಧಿಯಡಿ ಕೆಲಸ ಸಿಗದ ಪದವೀಧರರಿಗೆ ತಿಂಗಳಿಗೆ 3,000 ರೂಪಾಯಿ, ಡಿಪ್ಲೊಮಾ ಆದವರಿಗೆ 1,500 ರೂಪಾಯಿ ಕೊಡುತ್ತಿರುವ ಸರ್ಕಾರ ಅವರನ್ನು ಕೌಶಲ ತರಬೇತಿಗೆ ಸೇರಿಸುವ ಮಾತನ್ನೂ ಆಡುತ್ತಿದೆ. ಆ ಮಕ್ಕಳನ್ನು ಯಾವ ಬಾಗಿಲಿಗೆ ಕಳಿಸುತ್ತೀರಿ ಎಂಬುದು ನಿಮ್ಮ ಮಾನ್ಯತೆ ಪಟ್ಟಿಯನ್ನೇ ಅವಲಂಬಿಸಿದೆ.

ಹಣದ ಲೆಕ್ಕ ನೋಡಿದರೆ ಕಾಯಿಲೆಯ ಮೂಲ ತಿಳಿಯುತ್ತದೆ. 2015ರ ಜುಲೈನಲ್ಲಿ ಕೇಂದ್ರ ಸರ್ಕಾರ ಹೊರಡಿಸಿದ ಸಾಮಾನ್ಯ ಮಾನದಂಡದಲ್ಲಿ ಮೊದಲ ವರ್ಗದ ಕೋರ್ಸಿಗೆ ಒಬ್ಬ ಅಭ್ಯರ್ಥಿಗೆ ಗಂಟೆಗೆ 38.50 ರೂಪಾಯಿ ದರ ಗೊತ್ತುಮಾಡಲಾಗಿತ್ತು. ದರ ಆಮೇಲೆ ಏರಿದೆ, ಹಳೆಯದನ್ನೇ ಹಿಡಿದು ಹೇಳುತ್ತೇನೆ. 300 ಗಂಟೆಯ ಕೋರ್ಸಿಗೆ ತಲಾ 11,550 ರೂಪಾಯಿ. 30 ಜನರ ಒಂದು ಬ್ಯಾಚಿಗೆ 3,46,500 ರೂಪಾಯಿ. ಪ್ರಧಾನಮಂತ್ರಿ ಯೋಜನೆಯ ಎರಡನೇ ಹಂತದಲ್ಲಿ ಇದನ್ನು ಮೂರು ಕಂತಿನಲ್ಲಿ ಕೊಡುತ್ತಿದ್ದರು. ಬ್ಯಾಚ್ ಶುರುವಾದಾಗ ಶೇ 30, ಪ್ರಮಾಣಪತ್ರ ಬಂದಾಗ ಶೇ 50, ಕೆಲಸ ಸಿಕ್ಕ ಮೇಲೆ ಶೇ 20. ಅಂದರೆ ಒಬ್ಬನಿಗೂ ಕೆಲಸ ಸಿಗದಿದ್ದರೂ ಆ ಬ್ಯಾಚಿನ 2,77,200 ರೂಪಾಯಿ ತರಬೇತಿ ಕೇಂದ್ರದ ಖಾತೆಗೆ ಬರಲು ಅಡ್ಡಿ ಇರಲಿಲ್ಲ. ಹೀಗಿರುವಾಗ ಕೇಂದ್ರ ನಡೆಸುವವನ ಮನಸ್ಸು ಎಲ್ಲಿರುತ್ತದೆ? ಬ್ಯಾಚ್ ತುಂಬಿಸುವುದರಲ್ಲಿ, ಪಾಸ್ ಮಾಡಿಸುವುದರಲ್ಲಿ. ತಲೆಗಿಷ್ಟು ಎಂದು ಕೊಟ್ಟು ಹಳ್ಳಿಹಳ್ಳಿಗೆ ಮಕ್ಕಳನ್ನು ಸೇರಿಸಿ ತರುವ ಮೊಬಿಲೈಸರ್‌ಗಳನ್ನು ಬಿಡುತ್ತಾರೆ. ಡಿಗ್ರಿ ಓದುತ್ತಿರುವ ಮಕ್ಕಳ ಆಧಾರ್ ಕಾರ್ಡ್ ಕೂಡ ಆ ಪಟ್ಟಿಗೆ ಸೇರುತ್ತದೆ. ಮಕ್ಕಳಿಗೆ ಒಂದು ಬ್ಯಾಗು, ಒಂದು ಟೀ ಶರ್ಟು.

ನಾಲ್ಕನೇ ಹಂತದಲ್ಲಿ ಕೇಂದ್ರ ಸರ್ಕಾರ ಈ ಕೊನೆಯ ಕೊಂಡಿಯನ್ನೂ ಕಳಚಿತು. ಅಲ್ಪಾವಧಿ ತರಬೇತಿಯನ್ನು ಉದ್ಯೋಗ ಕೊಡಿಸುವುದರಿಂದ ಬೇರ್ಪಡಿಸಲಾಯಿತು. ಕಲಿತವರು ತಮಗೆ ಬೇಕಾದ ದಾರಿ ಹಿಡಿಯಲಿ ಎಂಬುದು ಅದಕ್ಕೆ ಕೊಟ್ಟ ಕಾರಣ. ಸುಳ್ಳು ಪ್ಲೇಸ್‌ಮೆಂಟ್ ತೋರಿಸುವ ಒತ್ತಡ ಇದರಿಂದ ಕಡಿಮೆಯಾಗಿರಬಹುದು, ಅಷ್ಟನ್ನು ಒಪ್ಪುತ್ತೇನೆ. ಆದರೆ ಸುಳ್ಳು ಲೆಕ್ಕ ಬರುತ್ತಿದೆ ಎಂದು ಲೆಕ್ಕ ಕೇಳುವುದನ್ನೇ ಬಿಟ್ಟರೆ, ಬಡವರ ಮಗ ಎಂಟು ವಾರ ದುಡಿಮೆ ಬಿಟ್ಟು ಬಂದು ಕೂತದ್ದಕ್ಕೆ ಯಾರು ಜವಾಬ್ದಾರಿ?

ಈಗ ತಪಾಸಣೆಯ ವಿಷಯ. ತಪಾಸಣೆಯ ದಿನಾಂಕ ಕೇಂದ್ರದವರಿಗೆ ಮೊದಲೇ ಗೊತ್ತಿರುತ್ತದೆ. ಹೊಲಿಗೆ ಯಂತ್ರಗಳು ಒಂದು ಕೇಂದ್ರದ ತಪಾಸಣೆ ಮುಗಿದ ಮೇಲೆ ಟೆಂಪೊ ಹತ್ತಿ ಇನ್ನೊಂದು ತಾಲ್ಲೂಕಿನ ಕೇಂದ್ರಕ್ಕೆ ಹೋಗುವುದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಎಲೆಕ್ಟ್ರಿಕಲ್ ಲ್ಯಾಬ್ ಎಂದು ಬೋರ್ಡ್ ಹಾಕಿದ ಕೋಣೆಯಲ್ಲಿ, ವೈರಿಂಗಿನ ಇನ್ಸುಲೇಶನ್ ಅಳೆಯುವ ಮೆಗ್ಗರ್ ಎಂಬ ಉಪಕರಣದ ಪೆಟ್ಟಿಗೆಯ ಪ್ಲಾಸ್ಟಿಕ್ ಹೊದಿಕೆಯನ್ನೇ ಬಿಚ್ಚಿರಲಿಲ್ಲ. ಪಟ್ಟಿಯಲ್ಲಿ ಮೆಗ್ಗರ್ ಇರಬೇಕು ಎಂದಿದೆ, ಇದೆ. ಫೋಟೊದಲ್ಲಿ ಕಾಣುತ್ತದೆ. ಜಿಯೊ ಟ್ಯಾಗ್ ಆಗಿದೆ. ಅದನ್ನು ಯಾರ ಕೈಗಾದರೂ ಕೊಟ್ಟಿದ್ದೀರಾ ಎಂಬ ಪ್ರಶ್ನೆಗೆ ಆ ನಮೂನೆಯಲ್ಲಿ ಜಾಗವೇ ಇಲ್ಲ.

ಎಲೆಕ್ಟ್ರಿಷಿಯನ್ ಕೆಲಸದಲ್ಲಿ ಇದು ಕಾಗದದ ತಪ್ಪಾಗಿ ಉಳಿಯುವುದಿಲ್ಲ. ಮನೆಯ ವೈರಿಂಗ್ ಮುಗಿಸಿದವನು ಕರೆಂಟ್ ಕೊಡುವ ಮುನ್ನ ಇನ್ಸುಲೇಶನ್ ಪರೀಕ್ಷೆ ಮಾಡಬೇಕು, ಅರ್ಥಿಂಗ್ ನೋಡಬೇಕು, ಸ್ವಿಚ್ ಫೇಸಿನ ಮೇಲೆ ಕೂತಿದೆಯೋ ನ್ಯೂಟ್ರಲ್ ಮೇಲೆ ಕೂತಿದೆಯೋ ಖಾತ್ರಿ ಮಾಡಿಕೊಳ್ಳಬೇಕು. ಸ್ವಿಚ್ಚನ್ನು ನ್ಯೂಟ್ರಲ್ ಮೇಲೆ ಹಾಕಿದರೂ ದೀಪ ಹತ್ತುತ್ತದೆ, ಆರುತ್ತದೆ, ಮನೆಯವರಿಗೆ ಏನೂ ಗೊತ್ತಾಗುವುದಿಲ್ಲ. ಸ್ವಿಚ್ ಆಫ್ ಮಾಡಿದ್ದೇನೆ ಎಂದು ನಂಬಿ ಹೋಲ್ಡರ್‌ಗೆ ಕೈ ಹಾಕಿದವನಿಗೆ ಮಾತ್ರ ಗೊತ್ತಾಗುತ್ತದೆ. ಇದನ್ನು ನಾವು ಐಟಿಐಯಲ್ಲಿ ತಿಂಗಳುಗಟ್ಟಲೆ ಮಾಡಿಸಿ, ತಪ್ಪು ಮಾಡಿಸಿ, ಬಿಚ್ಚಿಸಿ, ಮತ್ತೆ ಮಾಡಿಸಿ ಕೈಗೆ ಕೂರಿಸುತ್ತಿದ್ದೆವು. ಅಲ್ಪಾವಧಿ ಕೋರ್ಸಿನಲ್ಲಿ ಅಷ್ಟು ಸಮಯ ಇಲ್ಲ ಎಂಬುದು ನಿಜ. ಹಾಗಾಗಿಯೇ ಇರುವ ಗಂಟೆಗಳಲ್ಲಿ ಕೈಗೆಲಸವೇ ಹೆಚ್ಚು ನಡೆಯಬೇಕು, ಕಲಿಸುವವನು ಇನ್ನಷ್ಟು ಪಳಗಿದವನಾಗಿರಬೇಕು.

ಅಸೆಸರ್ ಆಗಿ ಹೋದ ಒಂದು ಕೇಂದ್ರದಲ್ಲಿ ಹುಡುಗರಿಗೆ ಸೀರೀಸ್ ಟೆಸ್ಟ್ ಲ್ಯಾಂಪ್ ಕಟ್ಟಿ ತೋರಿಸಿ ಎಂದೆ. ಇಬ್ಬರು ಮೂವರನ್ನು ಬಿಟ್ಟರೆ ಉಳಿದವರು ವೈರ್ ಹಿಡಿದುಕೊಂಡು ನನ್ನ ಮುಖ ನೋಡಿದರು. ತಪ್ಪು ಅವರದ್ದಲ್ಲ, ಅವರಿಗೆ ಯಾರೂ ತೋರಿಸಿರಲಿಲ್ಲ. ಟ್ರೈನರ್ ಎಂದು ದಾಖಲೆಯಲ್ಲಿದ್ದವರು ಆ ಊರಿನಲ್ಲೇ ಇರಲಿಲ್ಲ. ಅವರ ಟಿಒಟಿ (ತರಬೇತುದಾರರ ತರಬೇತಿ) ಸರ್ಟಿಫಿಕೇಟ್ ಮಾತ್ರ ಇತ್ತು. ಪಾಠ ಮಾಡುತ್ತಿದ್ದದ್ದು ಆಗಷ್ಟೇ ಡಿಪ್ಲೊಮಾ ಮುಗಿಸಿದ, ಎರಡು ತಿಂಗಳ ಸಂಬಳ ಬಾಕಿ ಇದ್ದ ಒಬ್ಬ ಹುಡುಗ. ಕೇಂದ್ರದ ಮ್ಯಾನೇಜರ್ ನನ್ನನ್ನು ಪಕ್ಕಕ್ಕೆ ಕರೆದು, "ಸರ್, ಎಲ್ಲಾ ಬಡವರ ಮಕ್ಕಳು, ನೀವು ಫೇಲ್ ಮಾಡಿದರೆ ಅವರ ಗತಿ ಏನು? ಒಂದು ಸೈನ್ ಹಾಕಿ, ನಿಮಗೆ ಪುಣ್ಯ ಬರ್ತದೆ" ಅಂದರು. ಬಡವರ ಮಕ್ಕಳು ಎಂಬ ಮಾತು ಎಲ್ಲದಕ್ಕೂ ಒದಗಿಬರುತ್ತದೆ. ಆ ಬಡವರ ಮಗನೇ ನಾಳೆ ಕಂಬ ಹತ್ತುವವನು, ಹೋಲ್ಡರ್‌ಗೆ ಕೈ ಹಾಕುವವನು. ನಾನು ಸಹಿ ಹಾಕಲಿಲ್ಲ. ಆಮೇಲೆ ಆ ಅಸೆಸ್‌ಮೆಂಟ್ ಏಜೆನ್ಸಿಯಿಂದ ನನಗೆ ಕರೆ ಬರುವುದು ನಿಂತಿತು. ತಲೆಗಿಷ್ಟು ಎಂದು ಸಂಭಾವನೆ ಪಡೆದು ಬದುಕಬೇಕಾದ ಎಳೆಯ ಅಸೆಸರ್‌ಗಳಿಗೆ ಹೀಗೆ ಮಾಡಿ ಎಂದು ಹೇಳುವ ಧೈರ್ಯ ನನಗಿಲ್ಲ. ನನಗೆ ಪಿಂಚಣಿ ಇದೆ.

ಪ್ಲೇಸ್‌ಮೆಂಟ್ ಎಂದು ಬರೆಯುವುದರ ಹಿಂದೆ ಏನಿರುತ್ತದೆ ಎಂಬುದಕ್ಕೆ ಒಂದು ಉದಾಹರಣೆ ಸಾಕು. ನಮ್ಮ ಭಾಗದ ಒಬ್ಬ ಹುಡುಗಿ ಹೊಲಿಗೆ ತರಬೇತಿ ಮುಗಿಸಿದಳು. ಬಸ್ಸು ಮಾಡಿ ಬೆಂಗಳೂರಿನ ಹೊರವಲಯದ ಗಾರ್ಮೆಂಟ್ಸ್‌ಗೆ ಕರೆದುಕೊಂಡು ಹೋದರು. ಆಫರ್ ಲೆಟರ್ ಸಿಕ್ಕಿತು, ಫೋಟೊ ತೆಗೆದರು, ಪೋರ್ಟಲ್‌ಗೆ ಏರಿತು. ಹಬ್ಬಕ್ಕೆ ಊರಿಗೆ ಬಂದವಳು ವಾಪಸ್ ಹೋಗಲಿಲ್ಲ. ಅವಳ ಅವ್ವ ನನಗೆ ಹೇಳಿದ್ದು ಇಷ್ಟೇ: "ಸರ, ಬಂದ ಪಗಾರ ಖೋಲಿ ಬಾಡಗಿಗೆ, ಊಟಕ್ಕ ಸಾಲವಲ್ದಾಗಿತ್ರಿ. ಇಲ್ಲೇ ಜಂಪರ್ ಹೊಲಕೊಂಡಿರ್ತೀನಿ ಅಂದ್ಲು." ಅವಳು ಈಗ ಊರಲ್ಲೇ ಜಂಪರ್ ಹೊಲಿಯುತ್ತಾಳೆ. ಅದೂ ದುಡಿಮೆಯೇ. ಆದರೆ ಸರ್ಕಾರದ ಲೆಕ್ಕದಲ್ಲಿ ಅವಳು ಇವತ್ತಿಗೂ ಬೆಂಗಳೂರಿನ ಕಾರ್ಖಾನೆಯ ನೌಕರಳು. ಅವಳಿಗೆ ಸೀರೆ ಫಾಲ್, ಬ್ಲೌಸ್ ಕಟಿಂಗ್, ಎಂಬ್ರಾಯ್ಡರಿ ಕಲಿಸಿ, ಒಂದು ಮೋಟಾರ್ ಮಷಿನ್ ಕೊಳ್ಳಲು ಬ್ಯಾಂಕ್ ಸಾಲ ಮಾಡಿಸಿಕೊಟ್ಟಿದ್ದರೆ ಅವಳ ಬದುಕು ಬೇರೆಯಾಗುತ್ತಿತ್ತು. ಕಾರ್ಖಾನೆಯ ಒಂದೇ ಹೊಲಿಗೆ ಹಾಕುವುದನ್ನು ಕಲಿಸಿ ಕಳಿಸಿದ್ದರು.

ಹೀಗೆ ಮಾಡಬೇಕಾಗಿಲ್ಲ ಎಂದು ತೋರಿಸಿಕೊಟ್ಟ ನಾಡೂ ನಮ್ಮದೇ. 1982ರಲ್ಲಿ ಉಜಿರೆಯಲ್ಲಿ ಧರ್ಮಸ್ಥಳದ ಶಿಕ್ಷಣ ಟ್ರಸ್ಟ್, ಸಿಂಡಿಕೇಟ್ ಬ್ಯಾಂಕ್ ಮತ್ತು ಕೆನರಾ ಬ್ಯಾಂಕ್ ಸೇರಿ ಸ್ವಉದ್ಯೋಗ ತರಬೇತಿಗೆಂದು ರುಡ್‌ಸೆಟ್ ಸಂಸ್ಥೆ ಕಟ್ಟಿದವು. ಊಟ, ವಸತಿ ಕೊಟ್ಟು ಉಚಿತವಾಗಿ ಕಲಿಸುವುದು, ಕಲಿತ ಮೇಲೆ ಬ್ಯಾಂಕ್ ಸಾಲಕ್ಕೆ ಜೊತೆ ನಿಲ್ಲುವುದು, ಎರಡು ವರ್ಷ ಬೆನ್ನು ಬಿಡದೆ ವಿಚಾರಿಸುವುದು ಅಲ್ಲಿನ ಕ್ರಮ. ಆ ಕ್ರಮವನ್ನು ನೋಡಿಯೇ ಕೇಂದ್ರ ಗ್ರಾಮೀಣಾಭಿವೃದ್ಧಿ ಸಚಿವಾಲಯ 2009ರ ಸುಮಾರಿಗೆ ದೇಶದ ಜಿಲ್ಲೆಜಿಲ್ಲೆಯಲ್ಲೂ ಬ್ಯಾಂಕ್‌ಗಳ ಮೂಲಕ ಆರ್‌ಸೆಟಿ ಎಂಬ ಗ್ರಾಮೀಣ ಸ್ವಉದ್ಯೋಗ ತರಬೇತಿ ಸಂಸ್ಥೆಗಳನ್ನು ತೆರೆಯಿಸಿತು. ಅಲ್ಲಿ ಯಶಸ್ಸನ್ನು ಅಳೆಯುವುದು ಕಲಿತವನು ತನ್ನ ಕಾಲ ಮೇಲೆ ನಿಂತನೇ ಎಂಬುದರಿಂದ. ಎಲ್ಲ ಆರ್‌ಸೆಟಿಗಳೂ ಉಜಿರೆಯಷ್ಟು ಚೆನ್ನಾಗಿವೆ ಎಂದು ನಾನು ಹೇಳುತ್ತಿಲ್ಲ. ಆದರೆ ಆ ಎರಡು ವರ್ಷದ ವಿಚಾರಣೆ ಎಂಬುದಿದೆಯಲ್ಲ, ಅದು ತರಬೇತಿ ಕೊಡುವವನ ಮನಸ್ಸನ್ನೇ ಬದಲಾಯಿಸುತ್ತದೆ. ನಾಳೆ ಮನೆ ಬಾಗಿಲಿಗೆ ಹೋಗಿ ಕೇಳಬೇಕಾದವನು ಇವತ್ತು ಸುಳ್ಳು ಬ್ಯಾಚ್ ತುಂಬಿಸಲಾರ.

ಖಾಸಗಿ ಕೇಂದ್ರಗಳಿಗೂ ಇದನ್ನೇ ಮಾನ್ಯತೆಯ ಷರತ್ತು ಮಾಡಿ ಎಂದು ಕೇಳುತ್ತೇನೆ. ಇದು ಆಗದ ಕೆಲಸವೇನೂ ಅಲ್ಲ. ಅಮೆರಿಕದಲ್ಲಿ 2014ರ ಕಾಯ್ದೆಯೊಂದರ ಪ್ರಕಾರ ಪ್ರತಿ ರಾಜ್ಯವೂ ಸರ್ಕಾರದ ಹಣಕ್ಕೆ ಅರ್ಹರಾದ ತರಬೇತಿದಾರರ ಪಟ್ಟಿಯೊಂದನ್ನು ಇಡುತ್ತದೆ. ಹೊಸಬರಿಗೆ ಮೊದಲು ಒಂದು ವರ್ಷದ ಅರ್ಹತೆ. ಆಮೇಲೆ ಎರಡು ವರ್ಷಕ್ಕೊಮ್ಮೆಯಾದರೂ ಮರುಪರಿಶೀಲನೆ. ಕಲಿತು ಹೋದವರು ಹೊರಬಿದ್ದ ಮೇಲಿನ ಎರಡನೇ ತ್ರೈಮಾಸಿಕದಲ್ಲಿ, ಮತ್ತೆ ನಾಲ್ಕನೇ ತ್ರೈಮಾಸಿಕದಲ್ಲಿ ಕೆಲಸದಲ್ಲಿದ್ದಾರೆಯೇ, ಎಷ್ಟು ದುಡಿಯುತ್ತಿದ್ದಾರೆ ಎಂದು ನೋಡುತ್ತಾರೆ. ಇದನ್ನು ತರಬೇತಿ ಸಂಸ್ಥೆಯ ಬಾಯಿಮಾತಿಗೆ ಬಿಡದೆ, ನಿರುದ್ಯೋಗ ವಿಮೆಗಾಗಿ ಮಾಲೀಕರು ಸಲ್ಲಿಸುವ ಸಂಬಳದ ದಾಖಲೆಗಳಿಂದ ತಾಳೆ ನೋಡುತ್ತಾರೆ. ನಮ್ಮಲ್ಲಿ ಎಲ್ಲ ಕೆಲಸಗಾರರನ್ನೂ ಒಳಗೊಳ್ಳುವ ಅಂಥ ವಿಮೆ ಇಲ್ಲ, ಆದರೆ ಭವಿಷ್ಯ ನಿಧಿ ಇದೆ, ಇಎಸ್‌ಐ ಇದೆ. ಗಾರ್ಮೆಂಟ್ಸ್‌ಗೆ ಸೇರಿದ ಹುಡುಗಿಯ ಭವಿಷ್ಯ ನಿಧಿ (ಪಿಎಫ್) ಖಾತೆಗೆ ಆರನೇ ತಿಂಗಳಲ್ಲಿ ಹಣ ಜಮಾ ಆಗಿದೆಯೇ ಎಂದು ಅವಳ ಒಪ್ಪಿಗೆ ಪಡೆದು ನೋಡಲು ಎಷ್ಟು ಹೊತ್ತು ಬೇಕು? ಆಫರ್ ಲೆಟರ್ ಅನ್ನು ಯಾರು ಬೇಕಾದರೂ ಮುದ್ರಿಸಬಹುದು. ತಿಂಗಳು ತಿಂಗಳು ಪಿಎಫ್ ಕಟ್ಟುವ ನಾಟಕವನ್ನು ಆಡುವವರು ಕಡಿಮೆ.

ಪಿಎಫ್ ವ್ಯಾಪ್ತಿಗೆ ಬರದ ಸಣ್ಣ ವರ್ಕ್‌ಶಾಪ್, ಸಲೂನ್, ಸ್ವಂತ ಉದ್ಯೋಗ ಮಾಡುವವರ ವಿಷಯ ಬೇರೆ ಎಂದು ನನಗೆ ಗೊತ್ತು. ನಮ್ಮ ಜಿಲ್ಲೆಗಳಲ್ಲಿ ಅಂಥವರೇ ಹೆಚ್ಚು. ಅವರಿಗೆ ಬ್ಯಾಂಕ್ ಸಾಲ, ಉದ್ಯಮ್ ನೋಂದಣಿ ನೋಡಬಹುದು. ಅದೂ ಇಲ್ಲದವರಿಗೆ ಜಿಲ್ಲಾ ಕೌಶಲ ಕಚೇರಿಯಿಂದ ನೇರ ಫೋನ್ ಮಾಡಿ ಕೇಳಬಹುದು, ಪ್ರತಿ ಬ್ಯಾಚಿನಲ್ಲಿ ಕೆಲವರ ಮನೆಗೆ ಹೋಗಿ ನೋಡಬಹುದು. ಕೇಳುವವರು ಕೇಂದ್ರದವರಾಗಿರಬಾರದು, ಅಷ್ಟೇ.

ಫಲಿತಾಂಶ ನೋಡಿ ಮಾನ್ಯತೆ ಕೊಡುತ್ತೇವೆ ಎಂದ ಕೂಡಲೇ ಒಂದು ಅಪಾಯ ಎದುರಾಗುತ್ತದೆ. ಕೇಂದ್ರಗಳು ಸುಲಭವಾಗಿ ಕೆಲಸ ಸಿಗುವ ಮಕ್ಕಳನ್ನೇ ಆರಿಸಿಕೊಂಡು, ಹತ್ತನೇ ತರಗತಿ ಫೇಲಾದವರನ್ನು, ಅಂಗವಿಕಲರನ್ನು, ಮಗುವಿರುವ ತಾಯಂದಿರನ್ನು ಬಾಗಿಲಲ್ಲೇ ವಾಪಸ್ ಕಳಿಸುತ್ತವೆ. ಇದನ್ನು ನಾನು ಹಗುರವಾಗಿ ತೆಗೆದುಕೊಳ್ಳುವುದಿಲ್ಲ. ರಾಯಚೂರಿನ ಲಿಂಗಸುಗೂರಿನ ಕೇಂದ್ರವನ್ನು ಬೆಂಗಳೂರಿನ ಪೀಣ್ಯದ ಕೇಂದ್ರದ ಜೊತೆ ತೂಗಬಾರದು. ಆಯಾ ಜಿಲ್ಲೆಯ ಸರಾಸರಿಯ ಜೊತೆ ಹೋಲಿಸಬೇಕು. ಕಷ್ಟದ ಹಿನ್ನೆಲೆಯವರನ್ನು ಸೇರಿಸಿಕೊಂಡ ಕೇಂದ್ರಕ್ಕೆ ಹೆಚ್ಚು ಅಂಕ, ಹೆಚ್ಚು ದರ ಕೊಡಬೇಕು. ಕಲ್ಯಾಣ ಕರ್ನಾಟಕದ ಜಿಲ್ಲೆಗಳಿಗೆ ಬೇರೆಯದೇ ಮಾನದಂಡ ಬೇಕಾಗುತ್ತದೆ.

ಇನ್ನೊಂದು ಕಡೆಯ ಅನ್ಯಾಯವನ್ನೂ ಹೇಳಲೇಬೇಕು. ಈಗಿನ ನಿಯಮಗಳು ಕಳ್ಳರನ್ನು ತಡೆಯುವುದಕ್ಕಿಂತ ಹೆಚ್ಚಾಗಿ ಸಣ್ಣವರನ್ನು ತಡೆಯುತ್ತವೆ. ಹುಬ್ಬಳ್ಳಿಯಲ್ಲಿ ಮೂವತ್ತು ವರ್ಷದಿಂದ ಮೋಟಾರ್ ರಿವೈಂಡಿಂಗ್ ಮಾಡುತ್ತಿರುವ, ತನ್ನ ಅಂಗಡಿಯಲ್ಲೇ ಹತ್ತಾರು ಹುಡುಗರನ್ನು ತಯಾರು ಮಾಡಿದ ಮೇಸ್ತ್ರಿಗೆ ವಾರ್ಷಿಕ ವಹಿವಾಟಿನ ಪ್ರಮಾಣಪತ್ರ, ಇಎಂಡಿ ಎಂಬ ಠೇವಣಿ, ಇಷ್ಟು ಚದರ ಅಡಿಯ ಬಾಡಿಗೆ ಕಟ್ಟಡ ಎಲ್ಲಿಂದ ಬರಬೇಕು? ಅವನು ಅರ್ಜಿಯನ್ನೇ ಹಾಕಲಾರ. ಬೇರೆ ರಾಜ್ಯದಲ್ಲಿ ಮುಖ್ಯ ಕಚೇರಿ ಇರುವ ಕಂಪನಿ ಅರ್ಜಿ ಹಾಕುತ್ತದೆ, ಗುರಿ ಪಡೆಯುತ್ತದೆ, ಆಮೇಲೆ ಅದನ್ನು ಸ್ಥಳೀಯರಿಗೆ ಕಮಿಷನ್ ಮೇಲೆ ಬಿಟ್ಟುಕೊಡುತ್ತದೆ. ಕಾಗದದ ಮೇಲೆ ಸಬ್ ಕಾಂಟ್ರ್ಯಾಕ್ಟ್ ನಿಷಿದ್ಧ. ಊರಲ್ಲಿ ಎಲ್ಲರಿಗೂ ಗೊತ್ತಿರುತ್ತದೆ, ಇದು ಯಾರ ಸೆಂಟರ್, ನಡೆಸುವವರು ಯಾರು ಎಂದು. ಅಷ್ಟರ ಮೇಲೆ ಬಿಲ್ ಪಾಸಾಗುವುದು ತಿಂಗಳುಗಟ್ಟಲೆ ತಡ. ತಡವಾದರೆ ದೊಡ್ಡ ಕಂಪನಿ ತಡೆದುಕೊಳ್ಳುತ್ತದೆ, ಪ್ರಾಮಾಣಿಕವಾಗಿ ನಡೆಸುವ ಸಣ್ಣ ಸಂಸ್ಥೆ ಟ್ರೈನರ್‌ಗೆ ಸಂಬಳ ಕೊಡಲಾಗದೆ ಮುಚ್ಚಿಹೋಗುತ್ತದೆ.

ಬಾಗಿಲನ್ನು ಎಲ್ಲರಿಗೂ ಹಾಗೇ ತೆರೆದಿಡಿ ಎಂದು ನಾನು ಹೇಳುತ್ತಿಲ್ಲ. ಬ್ರಿಟನ್ 2000ದ ಸೆಪ್ಟೆಂಬರ್‌ನಲ್ಲಿ ಕಲಿಕೆಯ ಖಾತೆಗಳೆಂಬ ಯೋಜನೆ ತಂದು, ತರಬೇತಿ ಕೊಡುವವರನ್ನು ಸರಿಯಾಗಿ ಪರೀಕ್ಷಿಸದೆ ಒಳಗೆ ಬಿಟ್ಟಿತು. ವಂಚನೆ ಎಷ್ಟು ಹೆಚ್ಚಿತೆಂದರೆ 2001ರ ನವೆಂಬರ್‌ನಲ್ಲಿ ಯೋಜನೆಯನ್ನೇ ಮುಚ್ಚಬೇಕಾಯಿತು. ಪರೀಕ್ಷೆ ಬೇಕು. ಸರಿಯಾದದ್ದನ್ನು ಪರೀಕ್ಷಿಸಬೇಕು.

ಹಾಗಾದರೆ ಏನು ಮಾಡಬೇಕು ಎಂದು ನೀವು ಕೇಳಿದರೆ, ನನಗೆ ತೋಚಿದ್ದು ಇದು. ಮಾನ್ಯತೆಯನ್ನು ಕಂಪನಿಗೆ ಕೊಡಬೇಡಿ. ಇಂಥ ಊರಿನ ಇಂಥ ಕೇಂದ್ರದಲ್ಲಿ, ಇಂಥ ಟ್ರೈನರ್ ಕಲಿಸುವ ಇಂಥ ಕೋರ್ಸಿಗೆ ಎಂದು ಕೊಡಿ. ಟ್ರೈನರ್ ಬಿಟ್ಟುಹೋದರೆ ಅಷ್ಟೇ ಅರ್ಹತೆಯ ಇನ್ನೊಬ್ಬರು ಬರುವವರೆಗೆ ಹೊಸ ಬ್ಯಾಚ್ ನಿಲ್ಲಲಿ. ಟ್ರೈನರ್‌ಗೆ ಸಂಬಳ ಪ್ರತಿ ತಿಂಗಳು ಬ್ಯಾಂಕ್ ಮೂಲಕ ಸಂದಾಯವಾಗಿದೆಯೇ ಎಂಬುದು ಮಾನ್ಯತೆಯ ಷರತ್ತಾಗಲಿ. ಕಲಿಸುವವನ ಹೊಟ್ಟೆ ತುಂಬದೆ ಕಲಿಕೆ ನಡೆಯುವುದಿಲ್ಲ ಎಂಬುದು ನನ್ನ ಇಡೀ ವೃತ್ತಿಯ ಅನುಭವ, ಮತ್ತು ಈ ಸಂಗತಿ ಯಾವ ನೀತಿಯ ಕರಡಿನಲ್ಲೂ ನನ್ನ ಕಣ್ಣಿಗೆ ಬಿದ್ದಿಲ್ಲ.

ಹೊಸ ಕೇಂದ್ರಕ್ಕೆ ಮೊದಲು ಒಂದೆರಡು ಬ್ಯಾಚಿಗೆ ಮಾತ್ರ ತಾತ್ಕಾಲಿಕ ಮಾನ್ಯತೆ ಸಾಕು. ಆಗ ವಹಿವಾಟು, ಠೇವಣಿಯ ಷರತ್ತನ್ನು ಸಡಿಲಿಸಬಹುದು, ಮೇಸ್ತ್ರಿಯೂ ಒಳಗೆ ಬರಬಹುದು. ಆ ಬ್ಯಾಚುಗಳ ಆರನೇ ತಿಂಗಳ ಮತ್ತು ಹನ್ನೆರಡನೇ ತಿಂಗಳ ಸ್ಥಿತಿ ನೋಡಿದ ಮೇಲೆಯೇ ಪೂರ್ಣ ಮಾನ್ಯತೆ, ಅದೂ ಎರಡು ವರ್ಷಕ್ಕೆ. ತಪಾಸಣೆಗೆ ಪಕ್ಕದ ಜಿಲ್ಲೆಯ ಐಟಿಐ ಅಥವಾ ಜಿಟಿಟಿಸಿಯ (ಸರ್ಕಾರಿ ಉಪಕರಣಾಗಾರ ಮತ್ತು ತರಬೇತಿ ಕೇಂದ್ರದ), ಆಯಾ ಟ್ರೇಡ್ ಬಲ್ಲ ಬೋಧಕರನ್ನು ಮುನ್ಸೂಚನೆ ಇಲ್ಲದೆ ಕಳಿಸಿ. ಅವರು ಯಂತ್ರ ಎಣಿಸುವುದು ಬೇಡ, ಮಕ್ಕಳ ಕೈಯಲ್ಲಿ ಕೆಲಸ ಮಾಡಿಸಿ ನೋಡಲಿ. ಆಧಾರ್ ದೃಢೀಕರಣ, ಮುಖ ನೋಡಿ ಹಾಜರಿ ಹಾಕುವ ಯಂತ್ರ ಎಲ್ಲ ಬರಲಿ. ಆದರೆ ಹುಡುಗ ಕೋಣೆಯಲ್ಲಿ ಕೂತಿದ್ದ ಎಂದಷ್ಟೇ ಅವು ಹೇಳಬಲ್ಲವು.

ಒಂದು ಯೋಜನೆಯಿಂದ ಹೊರಗೆ ಹಾಕಿದ ಕೇಂದ್ರ ಹೊಸ ಹೆಸರಿನಲ್ಲಿ ಇನ್ನೊಂದು ಇಲಾಖೆಯ ಯೋಜನೆಗೆ ಬರುವುದು ಮಾಮೂಲು. ಸಮಾಜ ಕಲ್ಯಾಣ, ಅಲ್ಪಸಂಖ್ಯಾತರ ಕಲ್ಯಾಣ, ಗ್ರಾಮೀಣಾಭಿವೃದ್ಧಿ, ನಗರಾಭಿವೃದ್ಧಿ ಎಲ್ಲರ ಬಳಿಯೂ ತರಬೇತಿಗೆ ಹಣವಿದೆ. ಎಲ್ಲ ಇಲಾಖೆಗಳಿಗೂ ಒಂದೇ ಪಟ್ಟಿ ಇರಲಿ, ನಿರ್ದೇಶಕರ ಪ್ಯಾನ್ ಸಂಖ್ಯೆಯ ಮೇಲೆ ತಾಳೆ ನೋಡಿ. ಹಾಗೆಯೇ, ಮಾನ್ಯತೆ ರದ್ದಾದ ದಿನ ಅರ್ಧ ಕೋರ್ಸಿನಲ್ಲಿರುವ ಮಕ್ಕಳನ್ನು ಬೀದಿಗೆ ಬಿಡಬೇಡಿ. ಅವರನ್ನು ಹತ್ತಿರದ ಸರ್ಕಾರಿ ಐಟಿಐಗೆ ಸೇರಿಸಿಕೊಳ್ಳಿ. 150 ಸರ್ಕಾರಿ ಐಟಿಐಗಳನ್ನು ಟಾಟಾ ಟೆಕ್ನಾಲಜೀಸ್ ಜೊತೆಗೂಡಿ 4,600 ಕೋಟಿ ರೂಪಾಯಿಗೂ ಹೆಚ್ಚಿನ ಯೋಜನೆಯಲ್ಲಿ ಮೇಲ್ದರ್ಜೆಗೇರಿಸಿದ್ದೇವೆ. 2022ರ ಜೂನ್‌ನಲ್ಲಿ ಪ್ರಧಾನಿಯವರೇ ಅವನ್ನು ಲೋಕಾರ್ಪಣೆ ಮಾಡಿದರು. ಅಂಥ ಯಂತ್ರಗಳು ಸಂಜೆಯ ಹೊತ್ತು ಸುಮ್ಮನೆ ನಿಂತಿರುವಾಗ, ಅದೇ ಊರಿನ ಬಾಡಿಗೆ ಕೋಣೆಯಲ್ಲಿ ಮಕ್ಕಳು ಪ್ಲಾಸ್ಟಿಕ್ ಬಿಚ್ಚದ ಮೆಗ್ಗರ್ ನೋಡುತ್ತಾ ಕೂರಬೇಕೇ? ಖಾಸಗಿಯವರು ಕಲಿಸಲಿ, ಸಂಜೆ ಬ್ಯಾಚನ್ನು ನಮ್ಮ ವರ್ಕ್‌ಶಾಪಿನಲ್ಲಿ ನಡೆಸಲಿ, ಬಾಡಿಗೆ ಸರ್ಕಾರಕ್ಕೆ ಕಟ್ಟಲಿ. ಕಟ್ಟಡ, ಯಂತ್ರದ ತಪಾಸಣೆಯ ಪ್ರಶ್ನೆಯೇ ಅಲ್ಲಿಗೆ ಮುಗಿಯುತ್ತದೆ.

ಇದಕ್ಕೆಲ್ಲ ಸಮಯ ಬೇಕು ಎಂದು ಬಲ್ಲೆ. ಆದರೆ ಒಂದು ಕೆಲಸಕ್ಕೆ ಸಮಯ ಬೇಕಿಲ್ಲ. ಪ್ರತಿ ಕೇಂದ್ರದ ಬಾಗಿಲ ಮೇಲೆ, ನಿಗಮದ ಜಾಲತಾಣದಲ್ಲಿ, ಕನ್ನಡದಲ್ಲಿ ಇಷ್ಟನ್ನು ಬರೆಸಿ: ಇಲ್ಲಿ ಕಳೆದ ವರ್ಷ ಸೇರಿದವರು ಎಷ್ಟು, ಮುಗಿಸಿದವರು ಎಷ್ಟು, ಆರು ತಿಂಗಳ ಮೇಲೆ ದುಡಿಮೆಯಲ್ಲಿ ಇದ್ದವರು ಎಷ್ಟು, ಅವರ ಸಂಬಳ ಎಷ್ಟು, ಕಲಿಸುವವರ ಹೆಸರೇನು, ದೂರಿದ್ದರೆ ಯಾರಿಗೆ ಫೋನ್ ಮಾಡಬೇಕು. ಮಗಳನ್ನು ಸೇರಿಸಲು ಬಂದ ತಾಯಿ ಅದನ್ನು ಓದಲಿ, ಓದಲು ಬಾರದಿದ್ದರೆ ಮಗಳೇ ಓದಿ ಹೇಳಲಿ. ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯ ಜಿಲ್ಲಾ ಕೌಶಲ್ಯ ಮಿಷನ್ ಸಭೆಯಲ್ಲಿ ಈ ಪಟ್ಟಿಯನ್ನು ಗಟ್ಟಿಯಾಗಿ ಓದಿಸಿ, ಗ್ರಾಮ ಪಂಚಾಯಿತಿಗಳಿಗೂ ಕಳಿಸಿ.

ಮಾನ್ಯತೆಗೆ ಮುಂದಿನ ಸಲ ಅರ್ಜಿ ಕರೆಯುವ ಮುನ್ನ ನಿಯಮಗಳ ಕರಡನ್ನು ಕನ್ನಡದಲ್ಲಿ ಪ್ರಕಟಿಸಿ, 30 ದಿನ ಆಕ್ಷೇಪಣೆಗೆ ಅವಕಾಶ ಕೊಡಿ. ಕಲಿತವರನ್ನು, ಕಲಿಸಿದವರನ್ನು, ಅವರಿಗೆ ಕೆಲಸ ಕೊಟ್ಟ ಸಣ್ಣ ಮಾಲೀಕರನ್ನು ಕರೆದು ಕೇಳಿ. ತಪಾಸಣೆಗೆ ಟ್ರೇಡ್ ಬಲ್ಲವರು ಸಾಲದಿದ್ದರೆ ನನ್ನಂಥ ನಿವೃತ್ತ ಬೋಧಕರು ಪ್ರತಿ ಜಿಲ್ಲೆಯಲ್ಲೂ ಇದ್ದೇವೆ. ಬಸ್ ಚಾರ್ಜು ಕೊಟ್ಟರೆ ಸಾಕು, ಬರುತ್ತೇವೆ.

ಇಂತಿ,
ಒಬ್ಬ ನಿವೃತ್ತ ಕಿರಿಯ ತರಬೇತಿ ಅಧಿಕಾರಿ
ಎಲೆಕ್ಟ್ರಿಷಿಯನ್ ಟ್ರೇಡ್, ಹಾವೇರಿ ಜಿಲ್ಲೆ